ಆಯುಧಪೂಜೆಯ ದಿನ ಆರಿದ ಕಂಪ್ಯೂಟರ್

ಹೊಸ ವಿಂಡೋಸ್ ಬರುತ್ತದೆ ಎಂದು ಸುದ್ದಿ ಬಂದರೆ ಸಹನಾಳ ಮುಖ ನೋಡಬೇಕು. ಬೇರೆ ಹೆಂಗಸರು ತಂಗಿಯ ಹೆರಿಗೆಗೆ ದಿನ ಎಣಿಸಿದರೆ ಇವಳು ಕಂಪ್ಯೂಟರಿನ ಸಿಸ್ಟಂಗೆ ದಿನ ಎಣಿಸುತ್ತಾಳೆ. ನಾನು ಉಚ್ಚೆಂಗಪ್ಪ, ಹರಿಹರದ ಕೈಗಾರಿಕಾ ಪ್ರದೇಶದಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವವನು. ಅವಳು ಕೆಲಸ ಮಾಡುವ ವರ್ಕ್‌ಶಾಪ್ ನನ್ನ ಅಂಗಡಿಯ ಪಕ್ಕದ್ದೇ, ನಡುವೆ ಒಂದೇ ಗೋಡೆ. ಮೋಟರು ಸುಟ್ಟರೆ ವಾಸನೆ ಬರುತ್ತದೆ, ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ಇಂಥಲ್ಲೇ ಹೋಗಿದೆ ಎಂದು ಬೆರಳಿಟ್ಟು ತೋರಿಸಬಹುದು. ಕಂಪ್ಯೂಟರ್ ಸುಮ್ಮನೆ ಕೂತರೆ ಅದು ಸತ್ತಿದೆಯೋ ಯೋಚನೆ ಮಾಡುತ್ತಿದೆಯೋ ಯಾರಿಗೂ ತಿಳಿಯುವುದಿಲ್ಲ. ಅಂಥದ್ದನ್ನು ನಂಬಿಕೊಂಡು ಇವಳು ಹೊಟ್ಟೆ ಹೊರೆಯುತ್ತಾಳಲ್ಲ ಎಂದು ನನಗೆ ಎಷ್ಟೋ ಸಲ ಸಿಟ್ಟು ಬಂದದ್ದುಂಟು.

ಅವಳು ಆನಗೋಡಿನ ರೈತರ ಮನೆಯ ಹುಡುಗಿ. ಪಿಯುಸಿ ಮುಗಿದ ಮೇಲೆ ದಾವಣಗೆರೆಯ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅಲ್ಲಿ ಒಂದು ದಿನ ಮೇಷ್ಟ್ರು ಹಳೆಯ ಸಿಸ್ಟಂ ಅಳಿಸಿ ಹೊಸದು ಹಾಕುವುದನ್ನು ತೋರಿಸಿದರಂತೆ. ಅದೇ ಡಬ್ಬಿ, ಅದೇ ಕೀಲಿಮಣೆ, ಪರದೆಯ ಒಳಗೆ ಮಾತ್ರ ಬೇರೆಯೇ ಲೋಕ. "ಅವತ್ತು ಬಸ್ಸಿನಾಗೆ ಊರಿಗೆ ಹೋಗೋ ತನಕ ಅದೇ ಕಣ್ಣಾಗಿತ್ತು ಉಚ್ಚೆಂಗಣ್ಣ" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ. ಆಮೇಲೆ ನಿಟ್ಟುವಳ್ಳಿಯ ಹರೀಶನನ್ನು ಮದುವೆಯಾದಳು. ಅವನು ಲಗೇಜ್ ಆಟೋ ಓಡಿಸುತ್ತಾನೆ, ಪಾಪದವನು, ಹೆಂಡತಿಯ ಮಾತಿಗೆ ಎದುರಾಡುವ ಪೈಕಿಯಲ್ಲ. ಸಹನಾ ದಿನಾ ನಿಟ್ಟುವಳ್ಳಿಯಿಂದ ಹೊರಟು ಬಸ್ಸಿನಲ್ಲಿ ಹರಿಹರಕ್ಕೆ ಬರುತ್ತಾಳೆ.

ಅವಳು ಇಲ್ಲಿ ಸೇರಿದ್ದು ಬಿಲ್ಲು ಟೈಪ್ ಮಾಡುವುದಕ್ಕೆ. ಈ ವರ್ಕ್‌ಶಾಪಿನಲ್ಲಿ ಒಂದು ವೈರ್‌ಕಟ್ ಯಂತ್ರವಿದೆ. ಕೂದಲೆಳೆಯಂಥ ತಂತಿಯಲ್ಲಿ ಕರೆಂಟು ಹರಿಸಿ ದಪ್ಪ ಉಕ್ಕನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಎಲ್ಲಿ ಕೊಯ್ಯಬೇಕು, ಎಲ್ಲಿ ತಿರುಗಬೇಕು ಎಂದು ಅದಕ್ಕೆ ಹೇಳುವುದು ಗಾಜಿನ ಕ್ಯಾಬಿನ್ನಿನಲ್ಲಿರುವ ಕಂಪ್ಯೂಟರು. ಅದನ್ನು ನಡೆಸುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಹುಬ್ಬಳ್ಳಿಗೆ ಹೋದಾಗ, ಬಿಲ್ಲು ಬರೆಯುತ್ತಿದ್ದ ಇವಳು ಅವನ ಕುರ್ಚಿಯಲ್ಲಿ ಕೂತಳು. ಮೊದಲು ಎಷ್ಟೋ ತುಂಡು ಹಾಳು ಮಾಡಿದಳು, ಬೈಸಿಕೊಂಡಳು, ಕ್ಯಾಬಿನ್ನಿನೊಳಗೆ ಬೆನ್ನು ತಿರುಗಿಸಿ ಅತ್ತಳು. ಆಮೇಲೆ ಅವಳಿಲ್ಲದೆ ಯಂತ್ರ ನಡೆಯುವುದಿಲ್ಲ ಎನ್ನುವ ಹಾಗಾಯಿತು. ಆ ಕುರ್ಚಿ ಎಂದರೆ ಅವಳಿಗೆ ಅಷ್ಟಿಷ್ಟಲ್ಲ.

ಕಳೆದ ವರ್ಷ ಆ ಕುರ್ಚಿಗೇ ಕುತ್ತು ಬಂತು. ಅವಳ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಹತ್ತು. ಅಕ್ಟೋಬರಿನಿಂದ ಆಚೆ ಅದನ್ನು ಮಾಡಿದವರು ಅದರ ಕಡೆ ನೋಡುವುದಿಲ್ಲ, ಇನ್ನೇನಿದ್ದರೂ ಹನ್ನೊಂದು ಎಂದು ಸುದ್ದಿಯಾಯಿತು. ಅವಳ ವರ್ಕ್‌ಶಾಪಿಗೆ ಹೆಚ್ಚಿನ ಕೆಲಸ ಕೊಡುತ್ತಿದ್ದ ಪುಣೆಯ ಕಂಪನಿಯೊಂದು ಕೂಡಲೇ ಕಾಗದ ಕಳಿಸಿತು. ತಮ್ಮ ಡ್ರಾಯಿಂಗ್ ತೆರೆಯುವ ಪ್ರತಿ ಕಂಪ್ಯೂಟರಿನಲ್ಲೂ ಹೊಸ ಸಿಸ್ಟಂ ಇರಬೇಕು, ದಸರಾ ಮುಗಿದ ಮಾರನೆಯ ದಿನ ತಮ್ಮ ಮನುಷ್ಯ ಬಂದು ನೋಡುತ್ತಾನೆ, ಇಲ್ಲದಿದ್ದರೆ ಕೆಲಸ ಬೇರೆ ಕಡೆಗೆ ಎಂದು.

ಮಾಲೀಕ ಯೋಗರಾಜ್ ಕೆಟ್ಟವನಲ್ಲ. ಅವನು ಸಹನಾಳನ್ನು ಕರೆದು ನನ್ನೆದುರಿಗೇ ಹೇಳಿದ. "ನೋಡವ್ವ, ಇದು ಹೊಸಾ ಸಿಸ್ಟಂ ತಗೊಂತು ಅಂದ್ರೆ ಸರಿ. ಇಲ್ಲಂದ್ರೆ ಈ ಯಂತ್ರ ಕೊಟ್ಟು ಹೊಸಾದು ತರ್ತೀನಿ. ಹೊಸಾದರ ಜೊತಿಗೆ ಅವರದೇ ಆಪರೇಟರ್ ಬರ್ತಾನೆ. ನಿನಗ ಹೇಳಾಕೆ ನನಗೂ ಬಾಯಿ ಬರಂಗಿಲ್ಲ."

"ತಗೊಳ್ಳತೈತಿ ಸರ್" ಎಂದಳು ಸಹನಾ. "ತಗೊಳ್ಳಂಗೆ ನಾ ಮಾಡ್ತೀನಿ."

ಹೊಸ ಕಂಪ್ಯೂಟರ್ ತಂದಿಟ್ಟರೆ ಮುಗಿಯಲಿಲ್ಲವೇ ಎಂದು ನಾನೂ ಕೇಳಿದೆ. ಆಗುವುದಿಲ್ಲವಂತೆ. ಉಕ್ಕು ಕೊಯ್ಯುವ ಆ ಸಾಫ್ಟ್‌ವೇರನ್ನು ಹಿಂದೆ ಕೊಯಮತ್ತೂರಿನಿಂದ ಬಂದವನೊಬ್ಬ ಹಾಕಿಕೊಟ್ಟು, "ಇದನ್ನ ಈ ಬೋರ್ಡಿಗೆ ಕಟ್ಟಿದೀನಿ, ಬೇರೆ ಡಬ್ಬಿಯಲ್ಲಿ ನಡೆಯೋದಿಲ್ಲ" ಎಂದು ಹೇಳಿ ಹೋಗಿದ್ದ. ಅವನ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಆದ್ದರಿಂದ ಒಳಗಿನ ದೊಡ್ಡ ಬೋರ್ಡನ್ನು ಹಾಗೇ ಇಟ್ಟುಕೊಂಡು ಸುತ್ತಲಿನದನ್ನು ಒಂದೊಂದಾಗಿ ಬದಲಾಯಿಸುವುದೇ ಅವಳಿಗಿದ್ದ ದಾರಿ. ಮೆಮೊರಿ ಬದಲಾಯಿಸಿದಳು, ಸಾಫ್ಟ್‌ವೇರ್ ನಡೆಯಿತು. ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಿದಳು, ಆಗಲೂ ನಡೆಯಿತು. ಪ್ರತಿ ಸಲ ಬದಲಾಯಿಸಿದಾಗಲೂ ಗೋಡೆಯಾಚೆಯಿಂದ ನನ್ನನ್ನು ಕೂಗಿ ತೋರಿಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ, ಅರ್ಥವಾದವನ ಹಾಗೆ.

ಉಳಿದದ್ದು ಪ್ರೊಸೆಸರ್, ಅಂದರೆ ಎಲ್ಲ ಲೆಕ್ಕ ಮಾಡುವ ಮುಖ್ಯ ಚಿಪ್ಪು. ಹಳೆಯದನ್ನು ಹೊಸ ವಿಂಡೋಸ್ ಒಪ್ಪುವುದಿಲ್ಲ. ಒಪ್ಪುವಂಥದ್ದು ಸಿಕ್ಕಿತ್ತು, ಆದರೆ ಬೋರ್ಡಿಗೆ ಅದರ ಪರಿಚಯವಿರಲಿಲ್ಲ. ಬೋರ್ಡಿನೊಳಗೆ ಬಯಾಸ್ ಎಂಬ ಸಣ್ಣ ಪ್ರೋಗ್ರಾಂ ಇರುತ್ತದೆ, ಅದರ ಹೊಸ ಆವೃತ್ತಿ ಹಾಕಿದರೆ ಮಾತ್ರ ಪರಿಚಯವಾಗುತ್ತದೆ. ಬೋರ್ಡ್ ಮಾಡಿದವರು ಆ ಆವೃತ್ತಿ ಸದ್ಯದಲ್ಲೇ ಬರುತ್ತದೆ ಎಂದು ಬರೆದಿದ್ದರು. ಸದ್ಯದಲ್ಲೇ ಎನ್ನುವುದು ಬೇಸಿಗೆ ಕಳೆದು ಮಳೆಗಾಲ ಕಳೆಯುವವರೆಗೆ ಎಳೆಯಿತು. ಸಹನಾ ಬಸ್ಸು ಹತ್ತಿದರೆ ಮೊಬೈಲು, ಊಟಕ್ಕೆ ಕೂತರೆ ಮೊಬೈಲು. ಬಂದಿದೆಯಾ ಎಂದು ನೋಡುವುದು, ಬಂದಿಲ್ಲ ಎಂದು ಇಡುವುದು. ಅವಳು ಸೊರಗಿದಳು. ಹರೀಶ ಒಂದು ದಿನ ನನ್ನ ಅಂಗಡಿಗೆ ಬಂದು, "ಮಲಗಿದ್ರೂ ಅದನ್ನೇ ಬಡಬಡಿಸ್ತಾಳಣ್ಣ" ಎಂದು ಹೇಳಿ ಹೋದ.

ಅದು ಬಂದದ್ದು ಆಯುಧಪೂಜೆಯ ದಿನ ಬೆಳಿಗ್ಗೆ. ಬಸ್ಸು ದೊಡ್ಡಬಾತಿ ದಾಟುವಾಗ ಮೊಬೈಲಿನಲ್ಲಿ ಕಂಡಿತಂತೆ. ಹೂವಿನ ಚೀಲ ಹಿಡಿದು ಓಡೋಡಿ ಬಂದ ಅವಳ ಉಸಿರಾಟ ನೋಡಿ ನಾನು ಯಾರಿಗೋ ಏನೋ ಆಗಿದೆ ಎಂದುಕೊಂಡೆ.

ಇಲ್ಲಿ ಭರಮಣ್ಣನವರ ವಿಷಯ ಹೇಳಬೇಕು. ನಂದಿಗುಡಿಯವರು, ಯೋಗರಾಜನ ಅಪ್ಪನ ಕಾಲದಿಂದ ಈ ವರ್ಕ್‌ಶಾಪಿನಲ್ಲಿದ್ದಾರೆ. ಕಣ್ಣು ಮಂಜಾಗಿ ಲೇತ್ ಬಿಟ್ಟ ಮೇಲೂ ಬರುವುದು ಬಿಟ್ಟಿರಲಿಲ್ಲ. ಬಾಗಿಲು ತೆಗೆಯುವುದು, ಹುಡಿ ಗುಡಿಸುವುದು, ಹೊಸಬರು ಸಡಿಲ ತೋಳಿನ ಅಂಗಿ ಹಾಕಿಕೊಂಡು ಬಂದರೆ ಬೈಯುವುದು ಅವರ ಕೆಲಸ. ಹಿಂದಿನ ಆಪರೇಟರ್ ಓಡಿಹೋದಾಗ "ಆ ಹುಡುಗಿನ ಕೂಡಿಸಿ ನೋಡು ಯೋಗಣ್ಣ" ಎಂದು ಹೇಳಿದವರು ಅವರೇ. ಸಹನಾ ಅವರನ್ನು ದೊಡ್ಡಪ್ಪ ಎನ್ನುತ್ತಾಳೆ.

ನನ್ನ ಅಂಗಡಿಯದೂ ಅವರದೂ ಆಯುಧಪೂಜೆ ಒಟ್ಟಿಗೇ, ಅದಕ್ಕೆ ಒಂದು ಕಟ್ಟುನಿಟ್ಟು ಇದೆ. ಪೂಜೆಗೆ ಮೊದಲು ಎಲ್ಲರಿಗಿಂತ ಹಿರಿಯರು ಮೇನ್ ಸ್ವಿಚ್ ಇಳಿಸಬೇಕು. ಪೂಜೆ ಕಟ್ಟಿದ ಯಂತ್ರವನ್ನು ಮರುದಿನ ಬನ್ನಿ ಹಂಚುವ ತನಕ ಯಾರೂ ತಿರುಗಿಸಬಾರದು. ವರ್ಷವಿಡೀ ದುಡಿದದ್ದಕ್ಕೆ ಅದಕ್ಕೂ ಒಂದು ದಿನ ರಜೆ. ಸಹನಾಳ ಲೆಕ್ಕ ಹೀಗಿತ್ತು. ಬುಧವಾರ ಪೂಜೆಗೆ ಮುಂಚೆ ಬಯಾಸ್ ಮುಗಿಸಿಬಿಡಬೇಕು. ಗುರುವಾರ ಬನ್ನಿ ಹಂಚಿದ ಮೇಲೆ ಚಿಪ್ಪು ಬದಲಾಯಿಸಿ ವಿಂಡೋಸ್ ಹಾಕಬೇಕು. ಶುಕ್ರವಾರ ಪುಣೆಯವನು ಬರುತ್ತಾನೆ. ಆದರೆ ಡೌನ್‌ಲೋಡ್ ಆಗುವಷ್ಟರಲ್ಲಿ ಅಯ್ಯನವರು ಬಂದು ಕಲಶ ಇಟ್ಟೇಬಿಟ್ಟಿದ್ದರು.

ಸಹನಾ ಭರಮಣ್ಣನವರ ಹತ್ತಿರ ಹೋದಳು. "ದೊಡ್ಡಪ್ಪ, ನೀವು ಮೇನ್ ಇಳಸ್ರಿ, ತೊಂದರಿ ಇಲ್ಲ. ಬ್ಯಾಟರಿ ಡಬ್ಬಿ ಐತೆ, ಅದರ ಮ್ಯಾಲೆ ನಡೀತೈತೆ. ಸ್ವಲ್ಪ ಹೊತ್ತಿನ ಕೆಲಸ. ನನ್ನ ಕಂಪ್ಯೂಟರ್ ಮಾತ್ರ ಯಾರೂ ಮುಟ್ಟಬ್ಯಾಡ್ರಿ."

"ಯಾರು ಮುಟ್ತಾರವ್ವ ನಿನ್ನ ಕಂಪ್ಯೂಟರ್. ನಾ ಇಲ್ಲೇ ಇರ್ತೀನಿ" ಎಂದರು ಅವರು.

ಮೇನ್ ಇಳಿಯಿತು. ಫ್ಯಾನು, ದೀಪ ಎಲ್ಲ ನಿಂತವು. ಯಂತ್ರಗಳ ಮೈಗೆ ವಿಭೂತಿ ಪಟ್ಟೆ, ಕೊರಳಿಗೆ ಚೆಂಡುಹೂವಿನ ಹಾರ. ಕ್ಯಾಬಿನ್ನಿನ ಗಾಜಿನ ಹಿಂದೆ ಪರದೆಯೊಂದೇ ಬೆಳಗುತ್ತಿತ್ತು. ಅದರ ಮೇಲೆ ಒಂದು ಗೆರೆ ತೆವಳುತ್ತಾ ಹೋಗುತ್ತಿತ್ತು, ಕೆಳಗೆ ಕರೆಂಟು ತೆಗೆಯಬೇಡಿ ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರ. ಆ ಗೆರೆ ತುದಿ ಮುಟ್ಟುವ ಮೊದಲು ಕರೆಂಟು ಹೋದರೆ ಬೋರ್ಡು ಎದ್ದೇಳುವುದಿಲ್ಲ ಎಂದು ಅವಳು ನನಗೆ ಮೊದಲೇ ಹೇಳಿದ್ದಳು. ಅವಳ ಜೊತೆ ನಾನೂ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದೆ. ನನ್ನ ಕೈಯಲ್ಲಿ ಒಡೆಯಬೇಕಾದ ಕಾಯಿ ಇತ್ತು, ಅದು ಬೆವರಿಗೆ ಜಾರುತ್ತಿತ್ತು.

ಮಂಗಳಾರತಿಯ ಹೊತ್ತಿಗೆ ಮುತ್ತೈದೆ ಬೇಕೆಂದು ಅಯ್ಯನವರು ಸಹನಾಳನ್ನು ಕರೆದರು. ಅವಳು ಹಿಂದೆ ನೋಡುತ್ತ ನೋಡುತ್ತ ಬಂದು ತಟ್ಟೆ ಹಿಡಿದಳು. ಅಷ್ಟರಲ್ಲಿ ಬ್ಯಾಟರಿ ಡಬ್ಬಿ ಕುಂಯ್ ಕುಂಯ್ ಎಂದು ಕೂಗಲು ಶುರುಮಾಡಿತು. ಕರೆಂಟಿಲ್ಲದೆ ಸ್ವಲ್ಪ ಹೊತ್ತು ನಡೆದ ಮೇಲೆ ಅದು ಹಾಗೆ ಕೂಗುತ್ತದೆ, ಹೆದರುವಂಥದ್ದೇನಿಲ್ಲ. ಆದರೆ ಸದ್ದಿಲ್ಲದ ವರ್ಕ್‌ಶಾಪಿನಲ್ಲಿ ಅಯ್ಯನವರ ಮಂತ್ರದ ಮೇಲೆಯೇ ಅದು ಕೂಗಿತು. ಅವರು ಒಮ್ಮೆ ನಿಲ್ಲಿಸಿ ಅತ್ತ ನೋಡಿದರು, ಮತ್ತೆ ಹೇಳಲು ತೊಡಗಿದರು. ಯಾರೋ ನಕ್ಕರು. ನಾನು ಕಾಯಿ ಒಡೆದೆ. ನೀರು ಚೆಲ್ಲಿತು, ಗಂಟೆ ಮೊಳಗಿತು, ಆರತಿ ಮೇಲೆದ್ದಿತು. ಆಗ ಕುಂಯ್ ಕುಂಯ್ ನಿಂತಿತ್ತು.

ಸದ್ದು ನಿಂತದ್ದು ಸಹನಾಳಿಗೂ ತಿಳಿಯಿತು. ಆರತಿ ನಡುವೆ ಇಳಿಸುವ ಹಾಗಿಲ್ಲ. ಅವಳು ಯಂತ್ರದ ಮೇಲಿನ ಕಣ್ಣನ್ನು ಕ್ಯಾಬಿನ್ನಿನ ಕಡೆ ತಿರುಗಿಸದೆ ಮೂರು ಸುತ್ತು ಮುಗಿಸಿದಳು. ತಟ್ಟೆ ನನ್ನ ಕೈಗೆ ಕೊಟ್ಟು ನಡೆದಳು. ಪರದೆ ಕಪ್ಪಾಗಿತ್ತು.

"ಯಾರು ಆಫ್ ಮಾಡಿದ್ದು?" ಎಂದಳು. ಜೋರಾಗಿ ಕೇಳಲಿಲ್ಲ.

ಬಾಗಿಲಲ್ಲಿ ಭರಮಣ್ಣ ವಿಭೂತಿ ಬಟ್ಟಲು ಹಿಡಿದು ನಿಂತಿದ್ದರು. "ನಾನವ್ವ. ಕಂಪ್ಯೂಟರ್ ಮುಟ್ಟಿಲ್ಲ ನಾನು. ಆ ಡಬ್ಬಿ ಆರತಿ ಹೊತ್ತಿನಾಗೆ ಒಂದೇ ಸಮ ಬಡ್ಕೊಳ್ತಿತ್ತು. ದೇವರಿಗೆ ಒಂದು ಗಳಿಗಿ ಸುಮ್ಕಿರಲಿ ಅಂತ ಅದರ ಗುಂಡಿ ಒತ್ತಿ ಹಿಡದೆ. ಯಾಕವ್ವ?"

ಅವಳು ಡಬ್ಬಿಯ ಗುಂಡಿ ಒತ್ತಿದಳು, ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ತಿರುಗಿತು, ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಹೊರಗೆ ಯೋಗರಾಜ್ ಮಂಡಕ್ಕಿ, ಪೇಡೆ ಹಂಚುತ್ತಿದ್ದ. ಭರಮಣ್ಣ ಅವಳ ಮುಖ ನೋಡಿದರು, ಪರದೆ ನೋಡಿದರು. ಅವರ ಕೈಯಿಂದ ವಿಭೂತಿ ಅಂಗಿಯ ಮೇಲೆಲ್ಲ ಸುರಿಯುತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ನನಗೆ ಆ ಮುದುಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಹನಾ ಮಾತ್ರ ಒಂದು ಮಾತೂ ಬೈಯಲಿಲ್ಲ. ಬೋರ್ಡ್ ಬಿಚ್ಚಿ, ಪೂಜೆಗೆ ತಂದ ಹೊಸ ಟವೆಲಿನಲ್ಲಿ ಸುತ್ತಿ, "ಉಚ್ಚೆಂಗಣ್ಣ, ನಿಮ್ಮ ಗಾಡಿ ತೆಗೀರಿ, ದಾವಣಗೆರೆಗೆ ಹೋಗೋಣು" ಎಂದಳು. ಯೋಗರಾಜನ ಹತ್ತಿರ ತನಗೆ ತಲೆನೋವು ಎಂದಷ್ಟೇ ಹೇಳಿದಳು.

ಹಬ್ಬದ ದಿನ ಪಿ.ಬಿ. ರಸ್ತೆಯಲ್ಲಿ ಲಾರಿಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು, ಅವು ತೂಗಾಡಿ ದಾರಿಯೇ ಕಾಣುತ್ತಿರಲಿಲ್ಲ. ಹಿಂದೆ ಕೂತ ಸಹನಾ ಬೋರ್ಡನ್ನು ಎದೆಗೆ ಅವುಚಿಕೊಂಡಿದ್ದಳು. ಹಳ್ಳ ದಿಣ್ಣೆ ಬಂದಾಗೆಲ್ಲ "ಮೆಲ್ಲಕ" ಎನ್ನುತ್ತಿದ್ದಳು.

ಮಂಡಿಪೇಟೆಯ ಹತ್ತಿರ ಶಮೀಮ್ ಭಾಯಿಯ ರಿಪೇರಿ ಅಂಗಡಿ. ಅವರ ಪಾಲುದಾರ ಅಶ್ವಥ್. ಶಮೀಮ್ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ, "ಒಳಗಿನ ಬರಹ ಅರ್ಧಕ್ಕೆ ನಿಂತೈತ್ರಿ. ಬಯಾಸ್ ಇರೋ ಸಣ್ಣ ಚಿಪ್ಪಿಗೆ ಕ್ಲಿಪ್ ಹಾಕಿ ಮತ್ತೆ ಬರೀಬೋದು. ಎದ್ದೇಳ್ತೈತೆ, ಭಯ ಬ್ಯಾಡ" ಎಂದರು. ಸಹನಾ ಕುರ್ಚಿ ಎಳೆದುಕೊಂಡು ಕೂತಳು.

"ಆದ್ರೆ ಇವತ್ತಲ್ಲ" ಎಂದ ಅಶ್ವಥ್. ಅವನ ಬೆರಳು ಮೇಜಿನ ಕಡೆ ತೋರಿಸಿತು. ಬರೆಯುವ ಆ ಸಣ್ಣ ಉಪಕರಣ, ಕಾಯಿಸುವ ಕಡ್ಡಿ, ಚಿಮಟ ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮವಿಟ್ಟು ಹಾರ ಹಾಕಿದ್ದ. "ಪೂಜಿ ಆಗೈತಕ್ಕ. ನಾಳೆ ಬನ್ನಿ ಆಗ್ಲಿ."

ನಾನು ರೇಗಿದೆ. ಒಬ್ಬಳ ಅನ್ನದ ಪ್ರಶ್ನೆ, ಒಂದು ಹಾರ ತೆಗೆದಿಟ್ಟರೆ ದೇವರೇನು ಕೈ ಕಡಿಯುತ್ತಾನೆಯೇ ಎಂದೆ. ಶಮೀಮ್ ಭಾಯಿ ನನ್ನ ಭುಜ ಹಿಡಿದು ಕೂರಿಸಿದರು. "ನನಗೇನಿಲ್ರಿ. ಆದ್ರೆ ಇಲ್ಲಿ ಪೂಜಿ ಇವನು ಮಾಡ್ತಾನೆ, ರಂಜಾನಿನಾಗೆ ನನ್ನ ಕೆಲಸ ಇವನು ನೋಡ್ತಾನೆ. ಹಿಂಗೇ ನಡಕೊಂಡು ಬಂದೀವಿ. ನಾನು ಮುರಿಯಾಕೆ ಬರಂಗಿಲ್ಲ."

"ಬ್ಯಾಡ್ರಿ" ಎಂದಳು ಸಹನಾ. "ನಾನೇ ಆರತಿ ಹಿಡದು ಬಂದೀನಿ. ಯಾವ ಬಾಯಿಲೆ ಕೇಳ್ಲಿ."

ಬೋರ್ಡನ್ನು ಅಲ್ಲೇ ಬಿಟ್ಟೆವು. ಗುರುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಕಣ್ಣಿಗೆ ನಿದ್ದೆ ಹತ್ತಿದ ಗುರುತೇ ಇರಲಿಲ್ಲ. ಅಶ್ವಥ್ ಬಂದು ನಮಗೆಲ್ಲ ಬನ್ನಿ ಎಲೆ ಕೊಟ್ಟ, ತಾನೇ ಹಾರ ಬಿಚ್ಚಿ ಉಪಕರಣವನ್ನು ಶಮೀಮರ ಕೈಗಿಟ್ಟ. ಅವರು ಮೊದಲು ಚಿಪ್ಪಿನಲ್ಲಿ ಉಳಿದಿದ್ದ, ಸಾಫ್ಟ್‌ವೇರ್ ಗುರುತು ಹಿಡಿಯುವ ಬೋರ್ಡಿನ ಸಂಖ್ಯೆಯನ್ನು ಓದಿ ಜೋಪಾನ ಮಾಡಿದರು. ಆಮೇಲೆ ಹೊಸ ಬಯಾಸ್ ಬರೆದರು. ಪರದೆ ಕಣ್ಣು ಬಿಟ್ಟಿತು. ಸಹನಾ ಅಳುತ್ತಾಳೆ ಎಂದುಕೊಂಡಿದ್ದೆ, ಆದರೆ ಅವಳು ಬೋರ್ಡು ಸುತ್ತಲು ಟವೆಲು ಕೇಳಿ ಇಸಿದುಕೊಂಡಳು.

ಹರಿಹರಕ್ಕೆ ಬಂದರೆ ಮುಚ್ಚಿದ ಬಾಗಿಲಿನ ಮುಂದೆ ಭರಮಣ್ಣ ಕೂತಿದ್ದರು. ಹಬ್ಬಕ್ಕೆ ನಂದಿಗುಡಿಗೆ ಹೋಗಿರಲೇ ಇಲ್ಲ. ಪ್ರಸಾದದ ಪೊಟ್ಟಣ ಬಿಚ್ಚದೆ ಪಕ್ಕದಲ್ಲೇ ಇತ್ತು.

"ಎದ್ದೈತೇನವ್ವ?" ಎಂದರು, ಆಸ್ಪತ್ರೆಯಲ್ಲಿದ್ದವರನ್ನು ಕೇಳುವ ಹಾಗೆ.

"ಎದ್ದೈತೆ ದೊಡ್ಡಪ್ಪ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಸಹನಾ ಬೋರ್ಡು ಕೂರಿಸಿದಳು. ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಇಟ್ಟಳು. ವಿಂಡೋಸ್ ಹನ್ನೊಂದು ಹಾಕಲು ಕೊಟ್ಟಳು. ಈ ಕಂಪ್ಯೂಟರ್ ತಕ್ಕುದಾಗಿದೆ ಎಂದು ಅದು ಹಸಿರು ಗುರುತು ತೋರಿಸಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಹೊಸ ಲೋಕ ಪರದೆಯ ಮೇಲೆ ತೆರೆದುಕೊಂಡಿತು. ಆನಗೋಡಿನ ಬಸ್ಸಿನಲ್ಲಿ ಕೂತ ಆ ಹುಡುಗಿ ಹೇಗೆ ನಕ್ಕಿರಬೇಕೋ ಹಾಗೆ ನಕ್ಕಳು. ಹಾಗೆಯೇ ನಗುತ್ತ ಉಕ್ಕು ಕೊಯ್ಯುವ ಸಾಫ್ಟ್‌ವೇರ್ ತೆರೆದಳು.

ಅದು ತೆರೆಯಲಿಲ್ಲ. ಒಂದು ಸಣ್ಣ ಚೌಕ ಬಂತು. ಇದು ನೋಂದಾಯಿಸಿದ ಕಂಪ್ಯೂಟರ್ ಅಲ್ಲ ಎಂದು ಅದರಲ್ಲಿ ಬರೆದಿತ್ತು.

ಸಹನಾ ಮತ್ತೆ ಮತ್ತೆ ತೆರೆದು ನೋಡಿದಳು. ಎದ್ದು ಹೊಸ ಪ್ರೊಸೆಸರ್ ತೆಗೆದು ಹಳೆಯದನ್ನೇ ಇಟ್ಟಳು. ಸಾಫ್ಟ್‌ವೇರ್ ತೆರೆಯಿತು. ಆದರೆ ಈ ಕಂಪ್ಯೂಟರ್ ತಕ್ಕುದಲ್ಲ ಎಂದು ವಿಂಡೋಸ್ ತೋರಿಸಿತು. ಹೊಸದನ್ನು ಇಟ್ಟಳು, ತೆರೆಯಲಿಲ್ಲ. ಕೊಯಮತ್ತೂರಿನವನು ಬೋರ್ಡಿಗೆ ಕಟ್ಟಿದ್ದೇನೆ ಎಂದಿದ್ದು ಅರ್ಧ ಸತ್ಯ. ಅವನು ಪ್ರೊಸೆಸರಿಗೂ ಕಟ್ಟಿದ್ದ. ಹಳೆಯ ಪ್ರೊಸೆಸರ್ ಇದ್ದರೆ ಸಾಫ್ಟ್‌ವೇರ್ ನಡೆಯುತ್ತದೆ, ಹೊಸ ವಿಂಡೋಸಿಗೆ ಅದು ಒಪ್ಪಿಗೆಯಿಲ್ಲ. ಹೊಸದು ಇದ್ದರೆ ವಿಂಡೋಸಿಗೆ ಒಪ್ಪಿಗೆ, ಸಾಫ್ಟ್‌ವೇರಿಗೆ ಇದು ಬೇರೆಯೇ ಕಂಪ್ಯೂಟರು. ಭರಮಣ್ಣ ಗುಂಡಿ ಒತ್ತಿದ್ದರೂ ಅಷ್ಟೇ, ಒತ್ತದಿದ್ದರೂ ಅಷ್ಟೇ. ಅವಳು ಹಿಡಿದ ದಾರಿಗೆ ಮೊದಲಿನಿಂದಲೂ ಮುಂದೆ ಗೋಡೆಯೇ ಇತ್ತು.

"ನಾ ಒತ್ತಿದ್ದಕ್ಕೆ ಒಳಗೆ ಏನೋ ಕೆಟ್ಟೈತೆ" ಎಂದರು ಭರಮಣ್ಣ. ಅವಳು ಬಾಯಿ ತೆರೆಯುವ ಮೊದಲೇ ಎದ್ದು ಹೊರಗೆ ಹೋದರು.

ಸಂಜೆ ಅವಳನ್ನು ಬಸ್ಸಿಗೆ ಬಿಡುವಾಗ ಅವಳು ಎಲ್ಲ ಬಿಡಿಸಿ ಹೇಳಿದಳು. ನಾನು ಹೇಳಿದೆ, "ಬಾಯಿ ಮುಚ್ಕೊಂಡಿರು. ತಪ್ಪು ತಮ್ಮದು ಅಂತ ಅವರೇ ಅಂತಾರೆ, ಅಂದ್ಕೊಳ್ಳಿ. ಅವರಿಗೆ ವಯಸ್ಸಾಗೈತೆ, ಕುರ್ಚಿ ಹೋಗೋದು ನಿಂದು." ಹಾಗೆ ಹೇಳಿದ್ದು ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅವಳು ಬಸ್ಸು ಹತ್ತಿದಳು.

ಶುಕ್ರವಾರ ಪುಣೆಯವನು ಬಂದ, ನೋಡಿದ, ಆಗುವುದಿಲ್ಲ ಎಂದು ಬರೆದುಕೊಂಡು ಹೋದ. ಯೋಗರಾಜ್ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಸಹನಾಳ ಕಡೆ ತಿರುಗಿದ. ಅವನು ಮಾತು ಹುಡುಕುತ್ತಿರುವಾಗಲೇ ಭರಮಣ್ಣ ಮುಂದೆ ಬಂದರು.

"ಯೋಗಣ್ಣ, ಹುಡುಗಿಗೆ ಏನೂ ಅನ್ನಬ್ಯಾಡ. ಅಕಿ ಎಲ್ಲಾ ಸರಿ ಮಾಡಿದ್ಲು. ಪೂಜಿ ಹೊತ್ತಿನಾಗೆ ಆ ಬ್ಯಾಟರಿ ಡಬ್ಬಿ ಬಂದ್ ಮಾಡ್ದೋನು ನಾನು. ಕೆಡಿಸ್ದೋನು ನಾನು."

ಯೋಗರಾಜ್ ಅವರ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಬಂತು, ಅದರ ಹಿಂದೆಯೇ ಒಂದು ನಿರಾಳವೂ ಬಂತು, ನಾನು ಕಂಡೆ. "ಹಂಗಾರೆ ಅಕಿ ಕೆಲಸದಾಗೆ ಕೊರತೆ ಇಲ್ಲ" ಎಂದ. "ಹೊಸಾ ಯಂತ್ರ ತರಸಲೇಬೇಕು. ಅವರ ಆಪರೇಟರ್ ಬ್ಯಾಡ ಅಂತೀನಿ. ಸಹನಾ, ನೀನೇ ಹೋಗಿ ಟ್ರೇನಿಂಗ್ ತಗೊಂಡು ಬಾ. ಭರಮಣ್ಣ, ನೀವು ಇನ್ನ ಮನ್ಯಾಗಿದ್ದು ಆರಾಮ ಮಾಡ್ರಿ."

"ಸರ್, ಅದು ನಿಜ ಅಲ್ಲ" ಎಂದಳು ಸಹನಾ. "ದೊಡ್ಡಪ್ಪ ಒತ್ತಿದ್ದಕ್ಕೆ ಏನೂ ಆಗಿಲ್ಲ. ಅದು ನಿನ್ನೆನೇ ಸರಿ ಆಗೈತೆ. ಮೊದಲಿಂದಾನೂ ಆಗ್ತಿರಲಿಲ್ಲ. ನನ್ನ ಲೆಕ್ಕಾನೇ ತಪ್ಪಿತ್ತು. ನಾ ತೋರಸ್ತೀನಿ."

ಅವಳು ಅವರೆದುರಿಗೇ ಡಬ್ಬಿ ಬಿಚ್ಚಿದಳು. ಹಳೆಯದು ಇಟ್ಟು ತೋರಿಸಿದಳು, ಹೊಸದು ಇಟ್ಟು ತೋರಿಸಿದಳು. ಬೆರಳಿಟ್ಟು ಒಂದೊಂದೂ ಹೇಳಿದಳು. ಯೋಗರಾಜ್ ಅರ್ಧಕ್ಕೇ, "ಸಾಕು ಬಿಡವ್ವ, ದೊಡ್ಡವರನ್ನ ಉಳಿಸಾಕೆ ನೀ ಇಷ್ಟು ಕಷ್ಟ ಬೀಳ್ತಿದಿ. ಒಳ್ಳೇದಾತು" ಎಂದು ಹೊರಗೆ ಹೋದ. ಅವನ ಮಟ್ಟಿಗೆ ಮಾತು ಮುಗಿದಿತ್ತು.

ಭರಮಣ್ಣ ಕೊನೆಯ ತನಕ ನೋಡಿದರು. "ಅವೆಲ್ಲ ನಂಗೆ ತಿಳಿಯಂಗಿಲ್ಲವ್ವ" ಎಂದರು. "ಗುಂಡಿ ಒತ್ತಿದ್ದು ನಾನು. ಅಷ್ಟು ಗೊತ್ತೈತೆ." ಊಟದ ಚೀಲ ತೆಗೆದುಕೊಂಡು ರಸ್ತೆಗೆ ಇಳಿದರು.

ಸಹನಾ ಕೂತಲ್ಲೇ ಕೂತಿದ್ದಳು. ಕುರ್ಚಿ ಉಳಿದಿತ್ತು. ನಿಜ ಹೇಳಿದ್ದನ್ನು ಯಾರೂ ನಂಬದೆ ಇದ್ದದ್ದರಿಂದ ಉಳಿದಿತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳು ತಟ್ಟನೆ ಎದ್ದು ಓಡಿದಳು, ನಾನೂ ಹಿಂದೆ ಹೋದೆ. ನಂದಿಗುಡಿಯ ಬಸ್ಸು ನಿಂತಿತ್ತು, ಭರಮಣ್ಣ ಕಿಟಕಿಯ ಪಕ್ಕ ಕೂತಿದ್ದರು. ಅವಳು ಹತ್ತಿ ಅವರ ಪಕ್ಕದಲ್ಲಿ ಕೂತಳು. "ದೊಡ್ಡಪ್ಪ, ಮೊದಲಿಂದ ಹೇಳ್ತೀನಿ, ಕೇಳ್ರಿ" ಎಂದದ್ದು ನನಗೆ ಕೆಳಗೆ ಕೇಳಿಸಿತು. ಎರಡು ಬೆರಳಿನಿಂದ ಏನೋ ಹಿಡಿದು ತೆಗೆದಂತೆ, ಇನ್ನೊಂದನ್ನು ಇಟ್ಟಂತೆ ಕೈ ಮಾಡುತ್ತಿದ್ದಳು. ಬಸ್ಸು ಹೊರಟಿತು. ಅವರು ಅವಳ ಪ್ರತಿ ಮಾತಿಗೂ ಹೂಂ ಎಂದು ತಲೆಯಾಡಿಸುತ್ತಿದ್ದರು. ನಂಬಿ ಆಡಿಸಿದ್ದಲ್ಲ, ಮಗು ನೊಂದುಕೊಳ್ಳಬಾರದು ಎಂದು ಆಡಿಸಿದ್ದು. ಅದು ನನಗೆ ಹೊರಗಿನಿಂದಲೇ ಗೊತ್ತಾಯಿತು. ಅವಳಿಗೂ ಗೊತ್ತಾಗಿರಬೇಕು. ಆದರೂ ಅವಳು ಹೇಳುವುದನ್ನು ನಿಲ್ಲಿಸಲಿಲ್ಲ.